ಹಳೆಯ ವಿಳಾಸ ತಿದ್ದುವ ಕೆಲಸ

ಪ್ರಶ್ನೆ: ಲಿನಕ್ಸ್ ಕರ್ನೆಲ್‌ನ ದಾಖಲೆಗಳಲ್ಲಿ ಫೈಲ್‌ಗಳ ಹಳೆಯ ವಿಳಾಸ ಬದಲಿಸಲೆಂದೇ ಪ್ಯಾಚ್ ಕಳಿಸುತ್ತಾರಂತೆ. ಒಂದು ಸಾಲಿಗೆ ಇಷ್ಟು ಶ್ರಮ ಬೇಕೆ?

ಉತ್ತರ: ಬೇಕು. ಕರ್ನೆಲ್‌ನಲ್ಲಿ ಫೈಲ್‌ಗಳು ಇದ್ದಲ್ಲೇ ಇರುವುದಿಲ್ಲ. 2007ರಲ್ಲಿ ಐ386 ಮತ್ತು ಎಕ್ಸ್86_64 ಎಂಬ ಎರಡು ಫೋಲ್ಡರ್‌ಗಳು ಎಕ್ಸ್86 ಎಂಬ ಒಂದರಲ್ಲಿ ಸೇರಿದವು. 2016ರಲ್ಲಿ ದಾಖಲೆಗಳು ಸ್ಫಿಂಕ್ಸ್ ಎಂಬ ದಾಖಲೆ ತಯಾರಿಸುವ ವ್ಯವಸ್ಥೆಯತ್ತ ಹೊರಳಿದ ಮೇಲೆ, ಕೋಡ್ ಬರೆಯುವ ಶೈಲಿಯ ಪ್ರಸಿದ್ಧ ಕೈಪಿಡಿಯೇ ಹೆಸರು, ಜಾಗ ಎರಡನ್ನೂ ಬದಲಿಸಿತು. ಕೋಡ್‌ನಲ್ಲಿ ಹೆಡರ್‌ನ ವಿಳಾಸ ತಪ್ಪಿದರೆ ಕಂಪೈಲರ್ ಅಲ್ಲೇ ನಿಲ್ಲಿಸುತ್ತದೆ. ವಿವರಣೆಯಲ್ಲಿ ತಪ್ಪಿದರೆ ಅದು ತಡೆಯುವುದಿಲ್ಲ. ತಪ್ಪು ವರ್ಷಗಟ್ಟಲೆ ಉಳಿದು, ಸರಿಯಾಗಿ ಕಲಿಯಲು ಬಂದ ಹೊಸಬರನ್ನೇ ದಾರಿ ತಪ್ಪಿಸುತ್ತದೆ. ಅನುಭವಿಗೆ ಆ ವಿವರಣೆಯ ಹಂಗೇ ಇಲ್ಲವಲ್ಲ!

ಹೆಸರು ಗೊತ್ತಿದ್ದರೆ ಹುಡುಕಿಕೊಳ್ಳಬಹುದು ಎನ್ನುವವರಿದ್ದಾರೆ. ಆದರೆ ಸೆಟಪ್.ಸಿ ಎಂಬ ಹೆಸರಿನ ಫೈಲ್ ಹಲವು ಪ್ರೊಸೆಸರ್‌ಗಳ ಫೋಲ್ಡರ್‌ಗಳಲ್ಲಿದೆ. ಯಾವುದೆಂದು ಹೇಳುವುದು ವಿಳಾಸವೇ. ಈ ತಿದ್ದುವ ಕೆಲಸವನ್ನು ಯಂತ್ರಕ್ಕೇ ಬಿಡಬಾರದೇಕೆ ಎಂಬ ಮಾತು ಇನ್ನಷ್ಟು ಗಟ್ಟಿಯಾದದ್ದು. ಮುರಿದ ವಿಳಾಸಗಳನ್ನು ಪತ್ತೆಹಚ್ಚುವ ಸ್ಕ್ರಿಪ್ಟ್ ಕರ್ನೆಲ್‌ನಲ್ಲೇ ಇದೆ, ತಿದ್ದಲೂ ಯತ್ನಿಸುತ್ತದೆ. ಆದರೂ ಒಂದು ಫೈಲ್ ಎರಡಾಗಿ ಒಡೆದಿದ್ದರೆ, ಆ ವಾಕ್ಯ ಯಾವ ಅರ್ಧದ ಬಗ್ಗೆ ಹೇಳುತ್ತಿದೆಯೆಂದು ಓದಿದವರೇ ನಿರ್ಧರಿಸಬೇಕು. ಯಾವ ಫೈಲ್‌ಗೆ ಯಾರು ಹೊಣೆ ಎಂದು ಹೇಳುವ ಮೇಂಟೇನರ್ಸ್ ಪಟ್ಟಿಯಲ್ಲಂತೂ ವಿಳಾಸ ಹಳತಾದರೆ, ಆ ಫೈಲ್‌ಗೆ ಬಂದ ಪ್ಯಾಚ್ ಅದರ ಹೊಣೆ ಹೊತ್ತವರಿಗೆ ತಲುಪದೇ ಹೋಗಬಹುದು. ಆದ್ದರಿಂದ ಫೈಲ್ ಸರಿಸುವವರು ಹಳೆಯ ವಿಳಾಸಕ್ಕಾಗಿ ಕರ್ನೆಲ್‌ನ ಇಡೀ ಸೋರ್ಸ್ ಮರವನ್ನು ಒಮ್ಮೆ ಗ್ರೆಪ್‌ನಿಂದ ಹುಡುಕಿ, ಸಿಕ್ಕಿದ್ದನ್ನೆಲ್ಲ ಅದೇ ಪ್ಯಾಚ್‌ನಲ್ಲಿ ತಿದ್ದಿ ಕಳಿಸಲಿ.