ಅಳತೆಯ ದೋಷವೂ ಶೇಕಡಾ ಲೆಕ್ಕವೂ

ಆದವಾನಿಯ ಹತ್ತಿ ಮಾರುಕಟ್ಟೆಯಲ್ಲಿ ಒಂದು ಕ್ವಿಂಟಲಿಗೆ ಒಂದು ಕಿಲೋ ತೂಕ ತಪ್ಪಿದರೆ ರೈತನು ಗೊಣಗಿ ಸುಮ್ಮನಾದಾನು. ಹತ್ತು ಕಿಲೋಗೆ ಒಂದು ಕಿಲೋ ತಪ್ಪಿದರೆ ಜಗಳಕ್ಕೇ ನಿಲ್ಲುವನು. ತಪ್ಪಿದ ತೂಕ ಎರಡರಲ್ಲಿಯೂ ಒಂದೇ. ಆದರೆ ಮೊದಲನೆಯದು ಶೇಕಡಾ 1, ಎರಡನೆಯದು ಶೇಕಡಾ 10. ಈ ವ್ಯವಹಾರಜ್ಞಾನವೇ ಪ್ರಯೋಗಶಾಲೆಯಲ್ಲಿ ಶೇಕಡಾ ದೋಷವೆನಿಸಿಕೊಳ್ಳುತ್ತದೆ.

ವಿದ್ಯಾರ್ಥಿಗಳೇ, ಸರಳ ಲೋಲಕದ ಪ್ರಯೋಗವನ್ನೇ ತೆಗೆದುಕೊಳ್ಳಿರಿ. 100 ಸೆಂಟಿಮೀಟರ್ ಉದ್ದದ ಲೋಲಕಕ್ಕೆ 20 ಆಂದೋಲನಗಳಿಗೆ 40.6 ಸೆಕೆಂಡು ಹಿಡಿಯಿತೆಂದು ಒಂದು ತಂಡದವರು ಬರೆದುಕೊಂಡರೆನ್ನೋಣ. ಒಂದು ಆಂದೋಲನದ ಕಾಲ 2.03 ಸೆಕೆಂಡು. ಪೈ ಸಂಖ್ಯೆಯ ವರ್ಗದ ನಾಲ್ಕರಷ್ಟನ್ನು ಉದ್ದದಿಂದ ಗುಣಿಸಿ ಕಾಲದ ವರ್ಗದಿಂದ ಭಾಗಿಸಿದರೆ, ಗುರುತ್ವ ವೇಗೋತ್ಕರ್ಷವು ಸೆಂಟಿಮೀಟರ್–ಸೆಕೆಂಡು ಮಾನದಲ್ಲಿ 958 ಬರುವುದು. ಪುಸ್ತಕದಲ್ಲಿರುವುದು 980. ಈ ಘಟ್ಟದಲ್ಲಿಯೇ ರಬ್ಬರು ಹೊರಬರುತ್ತದೆ! 40.6 ಅಳಿಸಿಹೋಗಿ, ಪುಸ್ತಕಕ್ಕೆ ಒಪ್ಪುವ ಅಂಕಿಯೊಂದು ಅಲ್ಲಿ ಬಂದು ಕುಳಿತುಕೊಳ್ಳುತ್ತದೆ.

ಗುರುತ್ವವು ಎಲ್ಲೆಡೆಯೂ ಒಂದೇ ಸಮನಾಗಿಲ್ಲ. ಧ್ರುವಗಳಲ್ಲಿ ಅದು 983, ಸಮಭಾಜಕ ವೃತ್ತದಲ್ಲಿ 978. ನಮ್ಮ ಆಸ್ಪರಿಯ ಅಕ್ಷಾಂಶ, ಎತ್ತರಗಳನ್ನು ಲೆಕ್ಕ ಹಾಕಿದರೆ ಇಲ್ಲಿಯೂ ಸುಮಾರು 978. ಆದುದರಿಂದ ತಿದ್ದಿ 980 ಮಾಡಿದವನು ಬೇರೊಂದು ಊರಿನ ಉತ್ತರವನ್ನು ನಕಲು ಮಾಡಿದಂತಾಯಿತು. ತಿದ್ದದವನ ದೋಷವೆಷ್ಟು? 978ಕ್ಕೂ 958ಕ್ಕೂ ಇರುವ ಅಂತರ 20. ಅದನ್ನು 978ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ 2. ದಾರ, ಗುಂಡು, ಗಡಿಯಾರಗಳಿಂದ ಮಾಡಿದ ಕೆಲಸಕ್ಕೆ ಇದು ನಾಚಿಕೆಪಡತಕ್ಕ ಫಲವೇನೂ ಅಲ್ಲ.

ಇನ್ನೊಂದು ತಂಡಕ್ಕೆ ಅದೇ ಲೋಲಕದಲ್ಲಿ 40.0 ಸೆಕೆಂಡು ಸಿಕ್ಕಿ 987 ಬಂದಿತೆನ್ನಿರಿ. ಈ ತಂಡಗಳನ್ನು ಪರಸ್ಪರ ಹೋಲಿಸುವಾಗ ಯಾವುದನ್ನೂ ಸತ್ಯಮೌಲ್ಯವೆಂದು ಹಿಡಿಯುವಂತಿಲ್ಲ. ಆಗ ಅಂತರವಾದ 29ನ್ನು ಎರಡರ ಸರಾಸರಿ 972.5ರಿಂದ ಭಾಗಿಸಬೇಕು. ಬಂದ ಶೇಕಡಾ 3ಕ್ಕೆ ಶೇಕಡಾ ವ್ಯತ್ಯಾಸವೆಂದು ಹೆಸರು. ಕಾಲದಲ್ಲಿದ್ದ ವ್ಯತ್ಯಾಸ ಶೇಕಡಾ ಒಂದೂವರೆ ಮಾತ್ರ. ಸೂತ್ರದಲ್ಲಿ ಕಾಲದ ವರ್ಗವಿರುವುದರಿಂದ ಅದು ಇಮ್ಮಡಿಯಾಯಿತು. 20ರ ಬದಲು 50 ಆಂದೋಲನಗಳನ್ನು ಎಣಿಸಿದ್ದರೆ, ಕೈಯ ಅದೇ ತಡವರಿಕೆಯು ಸುಮಾರು ಶೇಕಡಾ 1.2ಕ್ಕೆ ಇಳಿಯುತ್ತಿತ್ತು.

ಭೂಮಾಪನದಲ್ಲಿಯೂ ಈ ಬಗೆಯ ಹೋಲಿಕೆಯುಂಟು. ನಮ್ಮ ನೆರೆಯ ಗುತ್ತಿಯಲ್ಲಿ 1811ರಲ್ಲಿ ಆಧಾರರೇಖೆಯನ್ನು ಅಳೆಸಿದ ವಿಲಿಯಂ ಲ್ಯಾಂಬ್ಟನ್ನನು ಅದಕ್ಕೆ ಮೊದಲೇ, 1804ರಲ್ಲಿ, ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕ ರೇಖೆಯೊಂದನ್ನು ಸರಪಳಿಯಿಂದ ಅಳೆಸಿದ್ದನು. ಮದರಾಸಿನಿಂದ ತ್ರಿಕೋನಗಳ ಮೂಲಕ ಗುಣಿಸಿ ತಂದ ಉದ್ದಕ್ಕೂ ಇದಕ್ಕೂ ನಾಲ್ಕು ಅಂಗುಲದಷ್ಟೂ ಅಂತರವಿರಲಿಲ್ಲ. ಏಳು ಮೈಲಿಯೆಂದರೆ 4,43,520 ಅಂಗುಲ. ವ್ಯತ್ಯಾಸವು ಶೇಕಡಾ ಒಂದರ ಸಾವಿರದ ಒಂದು ಭಾಗವನ್ನೂ ಮುಟ್ಟಲಿಲ್ಲ! ಆ ಅಂಗುಲಗಳನ್ನು ಅಳಿಸಿಹಾಕದೆ ದಾಖಲೆಯಲ್ಲಿ ಉಳಿಸಿದ್ದರಿಂದಲೇ ನಾವು ಇಂದು ಈ ಲೆಕ್ಕ ಮಾಡುತ್ತಿದ್ದೇವೆ.

ಒಂದು ಎಚ್ಚರಿಕೆ ಅವಶ್ಯ. ಎರಡು ತಂಡಗಳೂ ದಾರವನ್ನು ಗುಂಡಿನ ಕೇಂದ್ರದವರೆಗೆ ಅಳೆಯದೆ ಮೇಲ್ತುದಿಗೇ ನಿಲ್ಲಿಸಿದರೆ, ಉದ್ದದಲ್ಲಿ ಒಂದು ಸೆಂಟಿಮೀಟರ್ ಬಿಟ್ಟುಹೋದೀತು. ಆಗ ಇಬ್ಬರ ಉತ್ತರವೂ ಪರಸ್ಪರ ಚೆನ್ನಾಗಿ ಒಪ್ಪುತ್ತದೆ. ಇಬ್ಬರದೂ ಶೇಕಡಾ 1ರಷ್ಟು ತಪ್ಪಿರುತ್ತದೆ.