ದೋಣಿಗೆ ತೂತು ಕೊರೆಯದೆ ಮೀನುಶೋಧಕ ಜೋಡಿಸುವ ಬಗೆ

ಕೆರೆಯನ್ನು ಗುತ್ತಿಗೆ ಹಿಡಿದು ಮೀನು ಸಾಕುವವರು, ಜಲಾಶಯದ ಹಿನ್ನೀರಿನಲ್ಲಿ ಬಲೆ ಬಿಡುವವರು, ಮಳೆಗಾಲದಲ್ಲಿ ಗದ್ದೆ ಮಾಡಿ ಉಳಿದ ದಿನ ಕಡಲಿಗಿಳಿಯುವ ಕರಾವಳಿಯ ರೈತ ಬಾಂಧವರು ಇತ್ತೀಚೆಗೆ ಮೀನುಶೋಧಕ ಯಂತ್ರವನ್ನು, ಅಂದರೆ ಫಿಶ್ ಫೈಂಡರ್ ಅನ್ನು ಕೊಳ್ಳುತ್ತಿದ್ದಾರೆ. ಯಂತ್ರದ ಜೊತೆಗೆ ತಂತಿಯ ತುದಿಯಲ್ಲಿ ಅಂಗೈಯಲ್ಲಿ ಹಿಡಿಯಬಹುದಾದ ಒಂದು ಗುಂಡು ಬರುತ್ತದೆ. ಇದೇ ಟ್ರಾನ್ಸ್‌ಡ್ಯೂಸರ್. ಇದನ್ನು ದೋಣಿಯ ಹಿಂಬದಿಯ ಹಲಗೆಗೆ ತಿರುಪುಮೊಳೆಯಿಂದ ಬಿಗಿಯಿರಿ ಎಂದು ಸೂಚನಾ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಹೇಳಿರುತ್ತದೆ. ಬೈರಿಗೆ ಕೈಗೆತ್ತಿಕೊಳ್ಳುವ ಮೊದಲು ದಯವಿಟ್ಟು ಸ್ವಲ್ಪ ತಡೆಯಿರಿ.

ನಾನು ಬೇಸಾಯಶಾಸ್ತ್ರದವನು, ಮೀನುಗಾರಿಕೆ ನನ್ನ ವಿಷಯವಲ್ಲ. ಬಯಲುಸೀಮೆಯ ಒಂದು ಕೆರೆಯ ಅಚ್ಚುಕಟ್ಟಿಗೆ ಬೆಳೆ ಯೋಜನೆ ಹಾಕುವಾಗ ಕೆರೆಯಲ್ಲಿ ನಿಜವಾಗಿ ಎಷ್ಟು ನೀರು ನಿಲ್ಲುತ್ತದೆಂಬ ಲೆಕ್ಕ ಬೇಕಾಯಿತು. ಹೂಳು ಈ ಲೆಕ್ಕವನ್ನು ಎಷ್ಟು ಕೆಡಿಸುತ್ತದೆ ಎಂಬುದಕ್ಕೆ ತುಂಗಭದ್ರಾ ಜಲಾಶಯವೇ ಸಾಕ್ಷಿ. ಕಟ್ಟಿದಾಗ ಸುಮಾರು 133 ಟಿ.ಎಂ.ಸಿ. ಅಡಿ ಇದ್ದ ಅದರ ಸಾಮರ್ಥ್ಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ನಮ್ಮದು ಚಿಕ್ಕ ಕೆರೆ. ಆಳ ಅಳೆಯಲು ಮೀನುಶೋಧಕವೇ ಸಾಕೆಂದು ಒಂದನ್ನು ತಂದು, ಅಲ್ಲಿನ ಮೀನು ಗುತ್ತಿಗೆದಾರರ ಫೈಬರ್ ದೋಣಿಯನ್ನು ಕೇಳಿದೆವು. ದೋಣಿ ಕೊಟ್ಟರು. ಆದರೆ ನಮ್ಮ ಸಹಾಯಕ ಬೈರಿಗೆ ತೆಗೆದದ್ದನ್ನು ಕಂಡು, "ಸಾಹೇಬ್ರ, ಸಾಲ ಇನ್ನೂ ತೀರಿಲ್ಲ. ನೀವು ಅಳತಿ ಮುಗಿಸಿ ಹೋಗ್ತೀರಿ, ತೂತು ನನಗ ಉಳೀತೈತಿ" ಎಂದರು.

ಅವರ ಮಾತು ಸರಿ. ಎಷ್ಟು ಸರಿ ಎಂಬುದು ನನಗೆ ಆಮೇಲೆ ತಿಳಿಯಿತು. ಫೈಬರ್ ದೋಣಿಯ ಹಿಂಬದಿ ಹಲಗೆ ಹೊರಗೆ ಫೈಬರಿನಂತೆ ಕಂಡರೂ ಅನೇಕ ದೋಣಿಗಳಲ್ಲಿ ಅದರ ಹೊಟ್ಟೆಯೊಳಗೆ ಪ್ಲೈವುಡ್ ಇರುತ್ತದೆ. ಎಂಜಿನ್ನಿನ ಭಾರವನ್ನೂ ನೂಕುವ ಬಲವನ್ನೂ ಹೊರುವುದು ಈ ಪ್ಲೈವುಡ್. ನೀರಿನ ಮಟ್ಟಕ್ಕಿಂತ ಕೆಳಗೆ ಹೊಡೆದ ತಿರುಪಿನ ಸುತ್ತ ಹಚ್ಚಿದ ಮೇಣ ಅದುರಿ ಅದುರಿ ಬಿಟ್ಟರೆ ನೀರು ಒಳಕ್ಕೆ ಜಿನುಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಒಳಗೆ ಮರ ಕೊಳೆಯುತ್ತಿರುತ್ತದೆ. ಹಲಗೆ ಮೆತ್ತಗಾದದ್ದು ಗೊತ್ತಾಗುವ ಹೊತ್ತಿಗೆ ಎಂಜಿನ್ನೇ ಅಲುಗಾಡತೊಡಗಿರುತ್ತದೆ.

ಗಾಳಿಯೇ ವೈರಿ

ತೂತಿಲ್ಲದ ಜೋಡಣೆ ಹೇಗೆ ಸಾಧ್ಯವೆಂದು ತಿಳಿಯಲು ಯಂತ್ರದ ಕೆಲಸವನ್ನು ಸ್ವಲ್ಪ ಅರಿಯಬೇಕು. ಟ್ರಾನ್ಸ್‌ಡ್ಯೂಸರ್ ನಮ್ಮ ಕಿವಿಗೆ ಕೇಳದ ಶಬ್ದವನ್ನು, ಸಾಮಾನ್ಯವಾಗಿ 200 ಕಿಲೋಹರ್ಟ್ಸ್ ಕಂಪನದಲ್ಲಿ, ಕೆಳಕ್ಕೆ ಬಿಡುತ್ತದೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. 15 ಮೀಟರ್ ಆಳದ ತಳಕ್ಕೆ ಹೋಗಿ ಬರಲು ಅದಕ್ಕೆ ಸೆಕೆಂಡಿನ 50ನೇ ಒಂದು ಭಾಗ ಸಾಕು. ಆ ಹೊತ್ತನ್ನು ಅಳೆದು ಯಂತ್ರ ಆಳ ತೋರಿಸುತ್ತದೆ.

ಈ ಶಬ್ದ ನೀರಿನಿಂದ ಗಟ್ಟಿ ಫೈಬರಿಗೆ, ಫೈಬರಿನಿಂದ ನೀರಿಗೆ ಸ್ವಲ್ಪ ಬಲ ಕಳೆದುಕೊಂಡರೂ ದಾಟುತ್ತದೆ. ಗಾಳಿ ಎದುರಾದರೆ ಮಾತ್ರ ಬಹುಪಾಲು ಅಲ್ಲಿಂದಲೇ ಹಿಂದಿರುಗುತ್ತದೆ. ಮೀನು ಪರದೆಯ ಮೇಲೆ ಕಾಣುವುದೂ ಹೆಚ್ಚಾಗಿ ಇದರಿಂದಲೇ, ಅದರ ಹೊಟ್ಟೆಯೊಳಗೆ ಗಾಳಿಚೀಲವಿದೆ. ಮೀನನ್ನು ತೋರಿಸುವ ಅದೇ ಗಾಳಿ ಅಂಟಿನೊಳಗೆ ಗುಳ್ಳೆಯಾಗಿ ಕುಳಿತರೆ ಯಂತ್ರ ಕುರುಡಾಗುತ್ತದೆ.

ಆದ್ದರಿಂದ ತಳ ಪೂರ್ತಿ ಗಟ್ಟಿ ಫೈಬರಿನದಾಗಿದ್ದರೆ ಟ್ರಾನ್ಸ್‌ಡ್ಯೂಸರನ್ನು ದೋಣಿಯ ಒಳಗೇ ಅಂಟಿಸಬಹುದು. ಎರಡು ಪದರಗಳ ನಡುವೆ ಫೋಮ್ ಅಥವಾ ಹಗುರ ಮರ ತುಂಬಿದ ತಳಕ್ಕೂ ಮರದ ದೋಣಿಗೂ ಈ ಕ್ರಮ ನಡೆಯದು, ಅವುಗಳಲ್ಲಿ ಗಾಳಿ ತುಂಬಿರುತ್ತದೆ. ತಗಡಿನ ದೋಣಿಗೂ ಇದನ್ನು ನಂಬುವಂತಿಲ್ಲ.

ಅಂಟಿಸುವ ಮೊದಲು ಪರೀಕ್ಷೆ

ನಮ್ಮ ಮೊದಲ ಪ್ರಯತ್ನ ಕೆಟ್ಟಿತು, ತಪ್ಪು ನನ್ನದೇ. ಕೈಗೆ ಸಿಕ್ಕಿತೆಂದು ಕಿಟಕಿ ಗಾಜಿಗೆ ಹಚ್ಚುವ ಸಿಲಿಕೋನ್ ಬಳಸಿದೆ. ಅದು ರಬ್ಬರಿನಂತೆ ಶಬ್ದವನ್ನು ನುಂಗಿಬಿಡುತ್ತದೆ. ಎರಡನೆಯ ಬಾರಿ ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ತಂದೆವು. ಕಲಸುವಾಗ ಸೇರಿದ ಗುಳ್ಳೆಗಳು ಹೊರಬರುವ ಮೊದಲೇ ಅದು ಕಲ್ಲಾಯಿತು. ಪರದೆಯ ಮೇಲೆ ಕೆರೆಯ ತಳ ಒಮ್ಮೆ ಕಂಡರೆ ಇನ್ನೊಮ್ಮೆ ಇಲ್ಲ. ಉಳಿಯಿಂದ ಅದನ್ನು ಕಿತ್ತು ತೆಗೆಯಲು ಅರ್ಧ ದಿನ ಹೋಯಿತು.

ನೀವು ಹೀಗೆ ಮಾಡಿ. ದೋಣಿಯನ್ನು ನೀರಿಗಿಳಿಸಿ, ಟ್ರಾನ್ಸ್‌ಡ್ಯೂಸರನ್ನು ಮೊದಲು ಪಕ್ಕದ ನೀರಿನಲ್ಲಿ ಮುಳುಗಿಸಿ ಆಳ ಬರೆದುಕೊಳ್ಳಿ. ಬಳಿಕ ದೋಣಿಯೊಳಗೆ ತಳದಲ್ಲಿ ನಾಲ್ಕು ಬೆರಳು ನೀರು ಹುಯ್ದು, ಅದರಲ್ಲಿ ಟ್ರಾನ್ಸ್‌ಡ್ಯೂಸರನ್ನು ಅದುಮಿ ಹಿಡಿದು ಬೇರೆ ಬೇರೆ ಕಡೆ ನೋಡಿ. ಎರಡೂ ಅಳತೆ ಹೊಂದುವ, ತಳದ ಗೆರೆ ಸ್ಪಷ್ಟವಾಗಿ ಕಾಣುವ ಜಾಗಕ್ಕೆ ಗುರುತು ಹಾಕಿ. ಸಾಮಾನ್ಯವಾಗಿ ಅದು ದೋಣಿಯ ಹಿಂಭಾಗದ ಮೂರನೇ ಒಂದು ಪಾಲಿನಲ್ಲಿ, ನಡುಗೆರೆಗೆ ಹತ್ತಿರ, ಅಡ್ಡಪಟ್ಟಿಗಳಿಂದ ದೂರ ಸಿಗುತ್ತದೆ. ಎಲ್ಲಿಯೂ ಕಾಣದಿದ್ದರೆ ಅಂಟಿನ ಯೋಚನೆಯನ್ನೇ ಬಿಡಿ.

ಗುರುತು ಮಾಡಿದ ಜಾಗದ ಬಣ್ಣವನ್ನು ಮರಳು ಕಾಗದದಿಂದ ಉಜ್ಜಿ, ಧೂಳು ಜಿಡ್ಡು ಒರೆಸಿ ಒಣಗಿಸಿ. ನಿಧಾನವಾಗಿ ಗಟ್ಟಿಯಾಗುವ ಎರಡು ಟ್ಯೂಬಿನ ಎಪಾಕ್ಸಿಯನ್ನು ಅವಸರವಿಲ್ಲದೆ ಕಲಸಿ. ಜಾಗಕ್ಕೂ ಟ್ರಾನ್ಸ್‌ಡ್ಯೂಸರಿನ ಮುಖಕ್ಕೂ ಹಚ್ಚಿ, ಒತ್ತುತ್ತಾ ತುಸು ತಿರುಗಿಸಿ ಕೂರಿಸಿದರೆ ನಡುವಿನ ಗಾಳಿ ಅಂಚಿನಿಂದ ಹೊರಬರುತ್ತದೆ. ಮೇಲೆ ಒಂದು ಭಾರವಿಟ್ಟು ಒಂದು ಪೂರ್ತಿ ದಿನ ಮುಟ್ಟಬೇಡಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧದ ಕಾಲದಲ್ಲಿ ಯಾಂತ್ರಿಕ ದೋಣಿಗಳು ದಡ ಸೇರಿರುತ್ತವೆ, ಕೆಲಸಕ್ಕೆ ಬಿಡುವೂ ಇರುತ್ತದೆ. ಆದರೆ ಆಗಿನ ತೇವದಲ್ಲಿ ಅಂಟು ಸರಿಯಾಗಿ ಹಿಡಿಯದು. ಮೇ ತಿಂಗಳಲ್ಲೇ ಮುಗಿಸುವುದು ಮೇಲು.

ತಳ ಇಳಿಜಾರಾಗಿದ್ದರೆ ನೇರ ಅಂಟಿಸಿದ ಟ್ರಾನ್ಸ್‌ಡ್ಯೂಸರ್ ಓರೆ ನೋಡುತ್ತದೆ. ಆಗ ಅಗಲವಾದ ಪಿ.ವಿ.ಸಿ. ಕೊಳವೆಯ ಗೇಣುದ್ದದ ತುಂಡನ್ನು ಇಳಿಜಾರಿಗೆ ಹೊಂದುವಂತೆ ಕತ್ತರಿಸಿ ತಳಕ್ಕೆ ಅಂಟಿಸಿ, ಒಳಗೆ ಹರಳೆಣ್ಣೆ ತುಂಬಿ, ಟ್ರಾನ್ಸ್‌ಡ್ಯೂಸರನ್ನು ಅದರಲ್ಲಿ ನೆಟ್ಟಗೆ ಮುಳುಗಿಸಿ ನಿಲ್ಲಿಸಬಹುದು. ಹರಳೆಣ್ಣೆ ಶಬ್ದವನ್ನು ಹೆಚ್ಚುಕಡಿಮೆ ನೀರಿನಂತೆಯೇ ಸಾಗಿಸುತ್ತದೆ, ಆದರೆ ನೀರಿನಂತೆ ಆರಿಹೋಗುವುದಿಲ್ಲ. ಹೊಲದ ಬದುವಿನ ಹರಳು ಕಡಲಿನವರೆಗೂ ಉಪಯೋಗಕ್ಕೆ ಬಂತು! ಕೊಳವೆಯ ಬಾಯನ್ನು ಮುಚ್ಚಿ ಬಿಗಿಮಾಡಿ.

ದೋಣಿಯೊಳಗೆ ಅಂಟಿಸಿದ ಟ್ರಾನ್ಸ್‌ಡ್ಯೂಸರ್ ನೀರಿನ ಉಷ್ಣತೆ ತೋರಿಸದು, ತಳದ ಉಷ್ಣತೆಯನ್ನೇ ತೋರಿಸುತ್ತದೆ. 455 ಅಥವಾ 800 ಕಿಲೋಹರ್ಟ್ಸಿನಲ್ಲಿ ಚಿತ್ರದಂತೆ ತೋರಿಸುವ ಬೆಲೆಬಾಳುವ ಮಾದರಿಗಳಿಗೂ ಈ ಕ್ರಮ ಒಗ್ಗದು.

ಮರದ ದೋಣಿ ಮತ್ತು ಹರಿಗೋಲು

ಇವುಗಳಿಗೆ ಕೋಲಿನ ಜೋಡಣೆಯೇ ಸರಿ. ಒಂದು ಅಂಗುಲದ ಕಬ್ಬಿಣದ ಕೊಳವೆಯ ಅಥವಾ ಬಲಿತ ಬಿದಿರಿನ ತುದಿಗೆ ಟ್ರಾನ್ಸ್‌ಡ್ಯೂಸರ್ ಕಟ್ಟಿ, ದೋಣಿಯ ಅಂಚಿಗೆ ಬಡಗಿಯ ಜಿ-ಕ್ಲಾಂಪಿನಿಂದ ಬಿಗಿಯಿರಿ. ಅದು ದೋಣಿಯ ತಳಕ್ಕಿಂತ ನಾಲ್ಕು ಬೆರಳು ಕೆಳಗಿರಲಿ. ಓಡುವಾಗ ಕೋಲು ಹಿಂದಕ್ಕೆ ವಾಲದಂತೆ ಅದರ ಕೆಳತುದಿಯಿಂದ ಮುಂದಕ್ಕೆ ಒಂದು ಹಗ್ಗ ಎಳೆದು ಕಟ್ಟಿ. ಹಗ್ಗ ತೆಳ್ಳಗಿರಲಿ. ಹಿನ್ನೀರಿನಲ್ಲಿ ಮುಳುಗಿದ ಮರದ ಬೊಡ್ಡೆಗೆ ಬಡಿದರೆ ಹಗ್ಗ ಹರಿದು ಕೋಲು ಮೇಲೇಳಬೇಕು, ದೋಣಿಯ ಅಂಚು ಸೀಳಬಾರದು. ಕೋಲು ಎಂಜಿನ್ನಿನ ಪಂಖದಿಂದ ಒಂದೂವರೆ ಅಡಿಯಾದರೂ ದೂರವಿರಲಿ, ಬಲೆ ಬಿಡುವ ಮಗ್ಗುಲಿಗೆ ಬೇಡ. ಹರಿಗೋಲು ತಿರುಗುತ್ತದಲ್ಲ ಎಂದು ಒಬ್ಬ ರೈತರು ಕೇಳಿದ್ದರು. ತಿರುಗಲಿ, ಟ್ರಾನ್ಸ್‌ಡ್ಯೂಸರ್ ನೋಡುವುದು ಕೆಳಕ್ಕೆ.

ಯಂತ್ರ ಆಳವನ್ನು ಅಳೆಯುವುದು ಟ್ರಾನ್ಸ್‌ಡ್ಯೂಸರಿನಿಂದ, ನೀರಿನ ಮೇಲ್ಮೈಯಿಂದಲ್ಲ. ಅದು 20 ಸೆಂಟಿಮೀಟರ್ ಮುಳುಗಿದ್ದರೆ ಬಂದ ಅಂಕಿಗೆ 20 ಸೆಂಟಿಮೀಟರ್ ಕೂಡಿಸಿ. ಗುಂಡು ಕಟ್ಟಿದ ಹಗ್ಗದಿಂದ ಒಮ್ಮೆ ತಾಳೆ ನೋಡಿ. ಮೆತ್ತನೆಯ ಹೂಳಿನಲ್ಲಿ ಗುಂಡು ಇಳಿಯುತ್ತದೆ, ಶಬ್ದ ಮೇಲಿನಿಂದಲೇ ತಿರುಗುತ್ತದೆ. ಆದ್ದರಿಂದ ಹಗ್ಗ ತುಸು ಹೆಚ್ಚು ತೋರಿಸಿದರೆ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ. ತಂತಿ ಉದ್ದವಾಯಿತೆಂದು ಕತ್ತರಿಸದೆ ಸುತ್ತಿಡಿ, ಎಂಜಿನ್ನಿನ ತಂತಿಗಳಿಂದ ದೂರ ಹಾಯಿಸಿ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ.

ನಮ್ಮ ಅಳತೆ ಎರಡು ದಿನದಲ್ಲಿ ಮುಗಿಯಿತು. ಅಂಟಿಸಿದ್ದನ್ನು ಕೀಳುವುದು ಬೇಡವೆಂದು ಯಂತ್ರವನ್ನು ಕೆಲವು ಕಾಲ ಅವರ ದೋಣಿಯಲ್ಲೇ ಬಿಟ್ಟೆವು. ಬರಗಾಲದಲ್ಲಿ ಯಾರೋ ಕೆರೆಯಂಗಳದಲ್ಲಿ ತೋಡಿ ಬಿಟ್ಟಿದ್ದ ಹಳೆಯ ಬಾವಿಯೊಂದು ಪರದೆಯ ಮೇಲೆ ಸಿಕ್ಕಿತಂತೆ. ವರ್ಷಾನುಗಟ್ಟಲೆ ಅವರ ಬಲೆ ಹರಿಯುತ್ತಿದ್ದದ್ದು ಅದೇ ಬಾವಿಯ ಕಲ್ಲಿಗೆ. ಈಗ ಅಲ್ಲಿ ಒಂದು ಬಿದಿರು ನೆಟ್ಟು ತುದಿಗೆ ಕೆಂಪು ಬಟ್ಟೆ ಕಟ್ಟಿದ್ದಾರೆ.