ಏಫಾದಿಂದ ಲೀಟರಿಗೆ: ಹೀಬ್ರೂ ಅಳತೆಗಳು ಕಲಿಸುವ ಪಾಠ

ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಒಂದು ಸರಕು ವಿನಿಮಯದ ಒಪ್ಪಂದವು ದಾಖಲಾಗಿದೆ. ದೇವಾಲಯದ ನಿರ್ಮಾಣಕ್ಕಾಗಿ ದೇವದಾರು ಮರವನ್ನು ಒದಗಿಸಿದ ತೂರಿನ ಅರಸ ಹೀರಾಮನಿಗೆ, ಸೊಲೊಮೋನನು ಪ್ರತಿವರ್ಷ 20,000 ಕೋರ್ ಗೋಧಿಯನ್ನು ಕೊಡುತ್ತಿದ್ದನು. ಇದು ಇಂದಿನ ಎಷ್ಟು ಲೀಟರಿಗೆ ಸಮ ಎಂಬ ಪ್ರಶ್ನೆಗೆ ದೊರೆಯುವ ಉತ್ತರ ಒಂದೇ ಅಲ್ಲ.

ಈ ಅಳತೆಗಳ ಪರಸ್ಪರ ಸಂಬಂಧವು ಸ್ಪಷ್ಟವಾಗಿದೆ. 4 ಲೋಗ್‌ಗಳಿಗೆ 1 ಕಬ್, 6 ಕಬ್‌ಗಳಿಗೆ 1 ಸೆಆ, 3 ಸೆಆಗಳಿಗೆ 1 ಏಫಾ, 10 ಏಫಾಗಳಿಗೆ 1 ಕೋರ್. ಧಾನ್ಯಕ್ಕೆ ಏಫಾ ಇದ್ದಂತೆ ಎಣ್ಣೆ, ದ್ರಾಕ್ಷಾರಸಗಳಿಗೆ ಅಷ್ಟೇ ಗಾತ್ರದ ‘ಬತ್’ ಇದ್ದಿತು. ಇವೆರಡೂ ಸಮವಾಗಿರತಕ್ಕದ್ದೆಂದು ಯೆಹೆಜ್ಕೇಲನ ಗ್ರಂಥವು ವಿಧಿಸುತ್ತದೆ.

ತೊಡಕಿರುವುದು ಮೂಲಮಾನದಲ್ಲಿ. ಯೆಹೂದಿ ಧರ್ಮಶಾಸ್ತ್ರದ ಪ್ರಕಾರ 1 ಲೋಗ್ ಎಂದರೆ 6 ಕೋಳಿಮೊಟ್ಟೆಗಳ ಗಾತ್ರ. ಆದುದರಿಂದ 1 ಏಫಾಕ್ಕೆ 432 ಮೊಟ್ಟೆಗಳು. 20ನೆಯ ಶತಮಾನದ ಧರ್ಮಪಂಡಿತರ ಪೈಕಿ ಅವ್ರಹಾಂ ಹಯೀಂ ನಾಎ ಅವರು ಮೊಟ್ಟೆಯ ಗಾತ್ರವನ್ನು 57.6 ಮಿಲಿಲೀಟರ್ ಎಂದೂ, ‘ಹಜೋನ್ ಈಶ್’ ಎಂದು ಪ್ರಸಿದ್ಧರಾದವರು ಸುಮಾರು 100 ಮಿಲಿಲೀಟರ್ ಎಂದೂ ಗಣಿಸಿದರು. ಹೀಗಾಗಿ ಏಫಾವು ಮೊದಲನೆಯವರ ಲೆಕ್ಕದಲ್ಲಿ 24.9 ಲೀಟರ್, ಎರಡನೆಯವರ ಲೆಕ್ಕದಲ್ಲಿ 43.2 ಲೀಟರ್. ‘ಬತ್’ ಎಂಬ ಬರಹವುಳ್ಳ ಪ್ರಾಚೀನ ಜಾಡಿಗಳ ಅವಶೇಷಗಳನ್ನು ಆಧರಿಸಿದ ಪುರಾತತ್ತ್ವದ ಒಂದು ಅಂದಾಜು ಸುಮಾರು 22 ಲೀಟರ್.

ಈ ವ್ಯತ್ಯಾಸವು ಅಲ್ಪವಲ್ಲ. ಹೀರಾಮನ ಗೋಧಿಯು 22 ಲೀಟರಿನ ಲೆಕ್ಕದಲ್ಲಿ 44 ಲಕ್ಷ ಲೀಟರ್, ನಾಎ ಅವರ ಲೆಕ್ಕದಲ್ಲಿ 49.8 ಲಕ್ಷ, ಹಜೋನ್ ಈಶ್ ಅವರ ಲೆಕ್ಕದಲ್ಲಿ 86.4 ಲಕ್ಷ. ಗುಣಾಕಾರದಲ್ಲಿ ಎಲ್ಲಿಯೂ ತಪ್ಪಿಲ್ಲ. ಆದರೂ ಮೊತ್ತವು ಇಮ್ಮಡಿಯ ಸಮೀಪಕ್ಕೆ ಹೋಗುತ್ತದೆ.

ಇದು ಕೇವಲ ಇತಿಹಾಸದ ಮಾತಲ್ಲ. ಸಬ್ಬತ್ ದಿನದ ‘ಕಿದ್ದೂಷ್’ ವಿಧಿಗೆ ಬಳಸುವ ಬಟ್ಟಲು ಕನಿಷ್ಠ ಕಾಲು ಲೋಗ್ ಹಿಡಿಯಬೇಕು. ಅದು ಒಂದು ಮತದಂತೆ 86 ಮಿಲಿಲೀಟರ್, ಇನ್ನೊಂದು ಮತದಂತೆ 150 ಮಿಲಿಲೀಟರ್. 120 ಮಿಲಿಲೀಟರಿನ ಬೆಳ್ಳಿ ಬಟ್ಟಲನ್ನು ತಯಾರಿಸಿ ರಫ್ತು ಮಾಡುವವನ ಸರಕು ಒಬ್ಬ ಗಿರಾಕಿಗೆ ಸಾಕಾದೀತು, ಮತ್ತೊಬ್ಬನಿಗೆ ಕಡಿಮೆಯಾಗಿ ಹಿಂದಿರುಗೀತು.

ಊರಿಗೊಂದು ಸೇರು ಇದ್ದ ಭಾರತದಲ್ಲಿ 1956ರ ತೂಕ ಮತ್ತು ಅಳತೆಗಳ ಮಾನಕ ಅಧಿನಿಯಮವು ಮೆಟ್ರಿಕ್ ಪದ್ಧತಿಯನ್ನು ತಂದುದು ಇಂತಹ ಗೊಂದಲವನ್ನು ನಿವಾರಿಸಲೆಂದೇ. ಸಾಂಪ್ರದಾಯಿಕ ಅಳತೆಯ ಹೆಸರಿನಲ್ಲಿ ಬೇಡಿಕೆ ಬಂದಾಗ, ಅದು ಯಾವ ಮಾನವನ್ನು ಅನುಸರಿಸಿದ್ದೆಂದು ಕೇಳಿ, ಮಿಲಿಲೀಟರಿನ ಅಂಕಿಯನ್ನು ಕರಾರಿನಲ್ಲಿಯೇ ಬರೆಯಿಸಿಕೊಳ್ಳುವುದು ಉಭಯ ಪಕ್ಷಗಳಿಗೂ ಕ್ಷೇಮಕರ.